ಬಲ್ಲವರನ್ನು ಕೇಳಿ: ಬಂದರಿನ ದಾರಿ ಕಾಯುವ ದೀಪಸ್ತಂಭ

ದೀಪಸ್ತಂಭಗಳ ಬಗ್ಗೆ ಬೆಂಗಳೂರಿನಿಂದಲೂ ಕರಾವಳಿಯಿಂದಲೂ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ರಾತ್ರಿ ನಿಂತಾಗ ದೂರದ ನಡುಗಡ್ಡೆಯಿಂದ ಬೆಳಕು ಬಂದು ಹೋಗುತ್ತಿತ್ತು. ಬಂದರು ಇರುವುದು ಊರಿನ ಪಕ್ಕದಲ್ಲಿ, ದೀಪ ಮಾತ್ರ ಸಮುದ್ರದ ನಡುವೆ. ಯಾಕೆ ಹೀಗೆ? — ಓದುಗರು, ಬಸವನಗುಡಿ

ಉತ್ತರ: ನೀವು ನೋಡಿದ್ದು ದೇವಗಡ ನಡುಗಡ್ಡೆಯ ದೀಪ. ಹಳೆಯ ನಕಾಶೆಗಳಲ್ಲಿ ಆ ಜಾಗದ ಹೆಸರು ಆಯ್ಸ್ಟರ್ ರಾಕ್. ಅಲ್ಲಿ ದೀಪಸ್ತಂಭ ಎದ್ದದ್ದು 1860ರ ದಶಕದಲ್ಲಿ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರುವುದು ನಿಂತು, ಇಂಗ್ಲೆಂಡಿನ ಗಿರಣಿಗಳು ನಮ್ಮ ಧಾರವಾಡ ಸೀಮೆಯ ಹತ್ತಿಗೆ ಕಾದಿದ್ದ ಕಾಲ ಅದು. ಘಟ್ಟ ಇಳಿಸಿದ ಹತ್ತಿಯನ್ನು ಹಡಗಿಗೆ ಏರಿಸಲು ಕಾರವಾರ ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಬಂದರಿನ ಲೆಕ್ಕಾಚಾರ ಇತ್ತು.

ಇನ್ನು ಜಾಗದ ವಿಚಾರ. ಕಾರವಾರದ ಬಂದರು ಬೈತಖೋಲದ ಗುಡ್ಡದ ಮರೆಯಲ್ಲಿದೆ. ಮುಂಗಾರಿನ ಅಲೆಗಳಿಂದ ರಕ್ಷಣೆ ಸಿಗುವುದು ಆ ಮರೆಯಿಂದಲೇ, ಆದರೆ ಅದೇ ಗುಡ್ಡ ಪಶ್ಚಿಮದಿಂದ ಬರುವ ಹಡಗಿಗೆ ಬಂದರನ್ನು ಮುಚ್ಚಿಬಿಡುತ್ತದೆ. ದಾರಿಯಲ್ಲಿ ಕೂರ್ಮಗಡ, ದೇವಗಡ, ದಕ್ಷಿಣಕ್ಕೆ ಅಂಜದೀವ ನಡುಗಡ್ಡೆಗಳು, ಜೊತೆಗೆ ನೀರಿನ ಮಟ್ಟದ ಬಂಡೆಗಳು. ಬಂದರಿನ ಒಳಗೆ ದೀಪ ಇಟ್ಟಿದ್ದರೆ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಹಡಗು ಆ ಬಂಡೆಗಳ ನಡುವೆ ಸಿಕ್ಕಿಕೊಂಡಿರುತ್ತಿತ್ತು. ಅದಕ್ಕೇ ಮೊದಲ ದೀಪ ಎಲ್ಲಕ್ಕಿಂತ ಹೊರಗೆ, ಅಪಾಯ ಶುರುವಾಗುವ ಮೊದಲೇ ಕಾಣುವ ಜಾಗದಲ್ಲಿ ಇರುತ್ತದೆ. ಮುಂಬಯಿಯಲ್ಲೂ ಇದೇ ಕ್ರಮ: 1867ರ ಖಾಂದೇರಿ ದೀಪ ಬಂದರಿನಿಂದ ಬಹಳ ದಕ್ಷಿಣಕ್ಕೆ, 1875ರ ಪ್ರಾಂಗ್ಸ್ ರೀಫ್ ದೀಪ ಕೊಲಾಬಾದ ತುದಿಯ ಬಂಡೆಸಾಲಿನ ಮೇಲೆ.

ಹೊರಗಿನ ದೀಪ ಹೇಳುವುದು 'ನೀನು ಇಲ್ಲಿದ್ದೀಯ' ಎಂದಷ್ಟೇ. ಒಳಗೆ ಬರುವ ದಾರಿಯನ್ನು ಬೇರೆ ದೀಪಗಳು ತೋರಿಸುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಜೋಡಿದೀಪ. ಒಂದು ಮುಂದೆ ತಗ್ಗಿನಲ್ಲಿ, ಇನ್ನೊಂದು ಹಿಂದೆ ಎತ್ತರದಲ್ಲಿ. ಎರಡೂ ಒಂದರ ಮೇಲೊಂದು ನೇರವಾಗಿ ಕಂಡರೆ ಹಡಗು ಆಳದ ಕಾಲುವೆಯ ನಡುವೆ ಇದೆ ಎಂದರ್ಥ. ಮೇಲಿನ ದೀಪ ಬಲಕ್ಕೆ ಸರಿದಂತೆ ಕಂಡರೆ ಹಡಗು ಬಲಕ್ಕೆ ಜಾರಿದೆ, ಎಡಕ್ಕೆ ತಿರುಗಿಸಬೇಕು. ಆಮೇಲೆ ಬರುವುದು ಕಾಲುವೆಯ ಅಂಚಿನಲ್ಲಿ ಸರಪಳಿ ಹಾಕಿ ನಿಲ್ಲಿಸಿದ ತೇಲುವ ಗುರುತುಗಳು. ನಮ್ಮ ದೇಶದಲ್ಲಿ ಸಮುದ್ರದಿಂದ ಬಂದರಿಗೆ ಬರುವಾಗ ಎಡಗಡೆ ಕೆಂಪು, ಬಲಗಡೆ ಹಸಿರು. ಅಮೆರಿಕ ಖಂಡಗಳಲ್ಲಿ ಇದು ತಿರುಗುಮುರುಗು.

ಪ್ರಶ್ನೆ: ದೀಪ ಒಂದೇ ಸಮ ಉರಿದರೆ ಇನ್ನೂ ಚೆನ್ನಾಗಿ ಕಾಣುವುದಿಲ್ಲವೇ? ಮಿಣುಕುವುದು ಯಾಕೆ? — ವಿದ್ಯಾರ್ಥಿ, ವಿಜಯನಗರ

ಉತ್ತರ: ಕಾಣುವುದು ಕಾಣುತ್ತದೆ, ಆದರೆ ಯಾವ ದೀಪ ಎಂದು ಗೊತ್ತಾಗುವುದಿಲ್ಲ. ತೀರದುದ್ದಕ್ಕೂ ಹೋಟೆಲು, ಪೆಟ್ರೋಲ್ ಬಂಕು, ಮೀನುಗಾರರ ದೋಣಿ, ಹೆದ್ದಾರಿ ದೀಪ ಎಲ್ಲವೂ ಒಂದೇ ಸಮ ಉರಿಯುತ್ತವೆ. ಹಾಗಾಗಿ ಪ್ರತಿ ದೀಪಸ್ತಂಭಕ್ಕೂ ಒಂದು ಲಯ ಕೊಟ್ಟಿರುತ್ತಾರೆ, ಆಸುಪಾಸಿನ ಯಾವ ದೀಪಕ್ಕೂ ಆ ಲಯ ಇರಕೂಡದು. ನೌಕಾ ನಕಾಶೆಯಲ್ಲಿ ಅದನ್ನು ಸಂಕ್ಷಿಪ್ತವಾಗಿ ಬರೆದಿರುತ್ತದೆ. ಉದಾಹರಣೆಗೆ 'ಎಫ್‌ಎಲ್ (2) 10 ಎಸ್, 36 ಎಂ, 18 ಎಂ' ಎಂದಿದ್ದರೆ ಎರಡು ಮಿಂಚು, ಆಮೇಲೆ ಕತ್ತಲು, ಇಡೀ ಸುತ್ತು 10 ಸೆಕೆಂಡಿಗೊಮ್ಮೆ. ದೀಪದ ಎತ್ತರ ಸಮುದ್ರಮಟ್ಟದಿಂದ 36 ಮೀಟರ್. ಬೆಳಕಿನ ವ್ಯಾಪ್ತಿ 18 ನಾಟಿಕಲ್ ಮೈಲಿ. ಇಂಗ್ಲಿಷಿನಲ್ಲಿ ಮೊದಲಿನ 'ಎಂ' ಸಣ್ಣಕ್ಷರ (m), ಅದು ಮೀಟರ್. ಕೊನೆಯದು ದೊಡ್ಡಕ್ಷರ (M), ಅದು ಮೈಲಿ. ಹೊಸಬರು ತಪ್ಪುವುದು ಇಲ್ಲೇ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.

ಕತ್ತಲಿಗಿಂತ ಬೆಳಕು ಕಡಿಮೆ ಹೊತ್ತಿದ್ದರೆ ಮಿಂಚುದೀಪ. ಬೆಳಕು ಹೆಚ್ಚು ಹೊತ್ತಿದ್ದು ನಡುನಡುವೆ ಕತ್ತಲಾದರೆ ಅದು ಮರೆಯಾಗುವ ದೀಪ. ಎರಡೂ ಸಮವಾದದ್ದು ಇನ್ನೊಂದು ಬಗೆ. ತೀರದಲ್ಲಿ ನಿಂತು ನೀವೇ ಅಳೆಯುವುದಾದರೆ ಮೊದಲ ಮಿಂಚು ಕಂಡ ಕ್ಷಣಕ್ಕೆ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಮುಂದಿನ ಮೂರು ಸುತ್ತು ಪೂರ್ತಿ ಮುಗಿದು ಅದೇ ಮಿಂಚು ಮತ್ತೆ ಬಂದಾಗ ನಿಲ್ಲಿಸಿ, ಮೂರರಿಂದ ಭಾಗಿಸಿ. ಒಂದೇ ಸುತ್ತನ್ನು ಅಳೆದರೆ ಬೆರಳಿನ ಅರ್ಧ ಸೆಕೆಂಡಿನ ತಡವೇ ಲೆಕ್ಕ ಕೆಡಿಸುತ್ತದೆ.

ಪ್ರಶ್ನೆ: ದೀಪಸ್ತಂಭದ ಬೆಳಕು 40 ಕಿ.ಮೀ. ದೂರಕ್ಕೆ ಕಾಣುತ್ತದೆ ಎನ್ನುತ್ತಾರೆ. ಅದು ನಿಜವೇ? — ಓದುಗರು, ಮಲ್ಲೇಶ್ವರ

ಉತ್ತರ: ನೋಡುವವರು ಎಷ್ಟು ಎತ್ತರದಲ್ಲಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಭೂಮಿ ಗುಂಡಗಿರುವುದರಿಂದ ದೀಪ ಎಷ್ಟೇ ಪ್ರಖರವಾಗಿದ್ದರೂ ಒಂದು ದೂರದ ಆಚೆ ಅದು ನೀರಿನ ಅಂಚಿನ ಕೆಳಗೆ ಮುಳುಗುತ್ತದೆ. ಸೂತ್ರ ಸರಳ: ದೀಪದ ಎತ್ತರದ ವರ್ಗಮೂಲಕ್ಕೆ ಕಣ್ಣಿನ ಎತ್ತರದ ವರ್ಗಮೂಲ ಕೂಡಿಸಿ 2.03ರಿಂದ ಗುಣಿಸಿ. ಎತ್ತರ ಮೀಟರಿನಲ್ಲಿರಲಿ, ಉತ್ತರ ನಾಟಿಕಲ್ ಮೈಲಿಯಲ್ಲಿ ಬರುತ್ತದೆ. ದೀಪ 36 ಮೀಟರ್ ಎತ್ತರದಲ್ಲಿದ್ದು ಹಡಗಿನ ಚಾಲನಾ ಕೋಣೆ 25 ಮೀಟರ್ ಎತ್ತರದಲ್ಲಿದ್ದರೆ 6 ಮತ್ತು 5 ಕೂಡಿ 11, ಅಂದರೆ 22.3 ಮೈಲಿ, ಸುಮಾರು 41 ಕಿ.ಮೀ. ಅದೇ ದೀಪವನ್ನು ಮರಳ ಮೇಲೆ ನಿಂತವರು, ಕಣ್ಣಿನ ಎತ್ತರ ಸುಮಾರು 1.7 ಮೀಟರ್ ಎಂದಿಟ್ಟುಕೊಳ್ಳಿ, 27 ಕಿ.ಮೀ. ಆಚೆಯಿಂದ ನೋಡಲಾರರು. ಸಣ್ಣ ದೋಣಿಯವರ ಪಾಡೂ ಅಷ್ಟೇ.

ನಕಾಶೆಯಲ್ಲಿ ಬರೆಯುವ ವ್ಯಾಪ್ತಿ ಬೇರೆ. ಅದು ಗಾಳಿ 10 ನಾಟಿಕಲ್ ಮೈಲಿಯವರೆಗೆ ತಿಳಿಯಾಗಿದೆ ಎಂದು ಇಟ್ಟುಕೊಂಡು ಬೆಳಕಿನ ಬಲದಿಂದ ಲೆಕ್ಕ ಹಾಕಿದ್ದು. ಜುಲೈ ತಿಂಗಳ ಮಳೆಯಲ್ಲಿ ಆ ಅಂಕಿಯನ್ನು ನಂಬಿಕೊಂಡು ಕೂರುವಂತಿಲ್ಲ.

ಪ್ರಶ್ನೆ: ವಿದ್ಯುತ್ ಇಲ್ಲದ ಕಾಲದಲ್ಲಿ ಸೀಮೆಎಣ್ಣೆ ದೀಪದ ಬೆಳಕು ಅಷ್ಟು ದೂರ ಹೋದದ್ದು ಹೇಗೆ? — ನಿವೃತ್ತ ಎಂಜಿನಿಯರ್, ಜಯನಗರ

ಉತ್ತರ: ಮಸೂರದಿಂದ. ಬತ್ತಿಯ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಹೆಚ್ಚಿನದು ಆಕಾಶಕ್ಕೂ ನೆಲಕ್ಕೂ ಹೋಗಿ ವ್ಯರ್ಥ. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ಅದನ್ನು ಹಿಡಿದು ಸಮುದ್ರದ ಅಂಚಿಗೆ ಮಟ್ಟಸವಾಗಿ ಕಳಿಸುವ ಮಸೂರ ಮಾಡಿದ, 1823ರಲ್ಲಿ ಕಾರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಉರಿಯಿತು. ದಪ್ಪ ಗಾಜಿನ ಒಂದೇ ಮಸೂರ ಮಾಡಿದ್ದರೆ ಅದರ ಭಾರ ಹೊರುವುದೂ ಕಷ್ಟ, ಗಾಜು ಬೆಳಕನ್ನು ಹೀರುವುದೂ ಹೆಚ್ಚು. ಆದ್ದರಿಂದ ಬೆಳಕನ್ನು ಬಗ್ಗಿಸುವ ಮೇಲ್ಮೈಯನ್ನಷ್ಟೇ ಉಳಿಸಿಕೊಂಡು, ಉಂಗುರ ಉಂಗುರವಾಗಿ ಗಾಜು ಜೋಡಿಸಿದ. ನಡುವಿನ ಗಾಜುಗಳು ಬೆಳಕನ್ನು ಬಗ್ಗಿಸುತ್ತವೆ. ಮೇಲೆ ಮತ್ತು ಕೆಳಗಿನ ಪ್ರಿಸಮ್‌ಗಳಲ್ಲಿ ಬೆಳಕು ಒಳಗೇ ಪ್ರತಿಫಲಿಸಿ ಹೊರಬರುತ್ತದೆ, ಏಕೆಂದರೆ ಅಷ್ಟು ಓರೆಯಾಗಿ ಬಂದ ಕಿರಣವನ್ನು ಬರೀ ಬಗ್ಗಿಸಿ ನೇರ ಮಾಡಲಾಗದು.

ಮಸೂರಗಳನ್ನು ದರ್ಜೆಯಿಂದ ಗುರುತಿಸುತ್ತಾರೆ. ದೀಪದಿಂದ ಮಸೂರಕ್ಕಿರುವ ನಾಭಿದೂರ ಮೊದಲ ದರ್ಜೆಯಲ್ಲಿ 920 ಮಿ.ಮೀ., ಎರಡನೆಯದರಲ್ಲಿ 700, ಮೂರನೆಯದರಲ್ಲಿ 500, ನಾಲ್ಕನೆಯದರಲ್ಲಿ 250. ದೊಡ್ಡದು ಹೊರಸಮುದ್ರದ ದೀಪಕ್ಕೆ, ಚಿಕ್ಕದು ಬಂದರಿನ ಬಾಯಿಗೆ.

ಬತ್ತಿಯ ನಂತರ 20ನೇ ಶತಮಾನದ ಆರಂಭದಲ್ಲಿ ಬಂದದ್ದು ಸೀಮೆಎಣ್ಣೆಯನ್ನು ಒತ್ತಡದಲ್ಲಿ ಆವಿ ಮಾಡಿ ಮ್ಯಾಂಟಲ್ ಎಂಬ ಬಲೆಚೀಲವನ್ನು ಬೆಳಗಿಸುವ ದೀಪ. ಯಕ್ಷಗಾನದ ರಂಗಸ್ಥಳದಲ್ಲಿ ತೂಗುತ್ತಿದ್ದ ಗ್ಯಾಸ್‌ಲೈಟಿನ ದೊಡ್ಡಣ್ಣ ಎನ್ನಿ. ಮ್ಯಾಂಟಲ್ಲಿನ ಅಡ್ಡಳತೆ 35, 55 ಅಥವಾ 85 ಮಿ.ಮೀ. ಆವಿ ಮಾಡುವ ಕೊಳವೆಯನ್ನು ಮೊದಲು ಸ್ಪಿರಿಟ್ ಉರಿಸಿ ಕಾಯಿಸಬೇಕು. ಸರಿಯಾಗಿ ಕಾಯದಿದ್ದರೆ ಹಸಿ ಸೀಮೆಎಣ್ಣೆ ಬುಸುಗುಟ್ಟಿ ಉರಿದು ಮ್ಯಾಂಟಲ್ ಮಸಿ ಹಿಡಿಯುತ್ತದೆ, ಮಸೂರದ ಒಳಮೈಗೂ ಹೊಗೆ ಕೂರುತ್ತದೆ.

ಮಿಂಚು ಬರುತ್ತಿದ್ದುದು ದೀಪ ಆರಿಸಿ ಹಚ್ಚಿದ್ದರಿಂದಲ್ಲ, ಮಸೂರ ಸುತ್ತಿದ್ದರಿಂದ. ಮೂರು ಮುಖದ ಮಸೂರ 30 ಸೆಕೆಂಡಿಗೆ ಒಂದು ಸುತ್ತು ಹಾಕಿದರೆ 10 ಸೆಕೆಂಡಿಗೊಂದು ಮಿಂಚು. ಗೋಪುರದ ನಡುವಿನ ಕೊಳವೆಯಲ್ಲಿ ಇಳಿಯುವ ತೂಕದ ಗುಂಡು ಯಂತ್ರವನ್ನು ನಡೆಸುತ್ತಿತ್ತು, ಅದನ್ನು ರಾತ್ರಿಯಿಡೀ ಕೆಲವು ತಾಸಿಗೊಮ್ಮೆ ಕೈಯಿಂದ ಸುತ್ತಿ ಮೇಲೆತ್ತಬೇಕಿತ್ತು. ಟನ್ನುಗಟ್ಟಲೆ ಭಾರದ ಮಸೂರ ಗಾಲಿಗಳ ಮೇಲೆ ನಿಧಾನವಾಗಿ ತಿರುಗುತ್ತಿತ್ತು. 1890ರ ದಶಕದಲ್ಲಿ ಅದನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸುವ ವಿಧಾನ ಬಂದ ಮೇಲೆ ಒಂದು ಬೆರಳಿನಿಂದ ತಳ್ಳಿದರೂ ತಿರುಗುವಷ್ಟು ಹಗುರವಾಯಿತು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮಸೂರಕ್ಕೆ ಒಳಗಿನ ಬೆಳಕು, ಹೊರಗಿನ ಬೆಳಕು ಎಂಬ ಭೇದ ಇಲ್ಲ. ಹಗಲಲ್ಲಿ ಬಿಸಿಲು ಹೊರಗಿನಿಂದ ಬಿದ್ದರೆ ಅದೇ ಗಾಜು ಸೂರ್ಯನನ್ನು ದೀಪದ ಜಾಗಕ್ಕೇ ತಂದು ಇಡುತ್ತದೆ. ಬಲ್ಬಿನ ಹೋಲ್ಡರ್ ಕರಗುತ್ತದೆ, ತಂತಿ ಸುಡುತ್ತದೆ, ಬೆಂಕಿಯೂ ಹತ್ತಬಹುದು. ದೀಪದ ಕೋಣೆಯ ಸುತ್ತ ಬಿಳಿ ಪರದೆ ಇರುವುದು ಇದಕ್ಕೇ. ಸೂರ್ಯ ಹುಟ್ಟುವ ಮೊದಲು ಪರದೆ ಎಳೆಯುವುದು ದೀಪ ಹಚ್ಚುವಷ್ಟೇ ಮುಖ್ಯವಾದ ಕೆಲಸ.

ಪ್ರಶ್ನೆ: ನಮ್ಮೂರ ಹಳೆಯ ಬಂದರಿನ ದೀಪಗೋಪುರ ಪಾಳುಬೀಳುತ್ತಿದೆ. ಊರವರು ಸೇರಿ ಸಿಮೆಂಟ್ ಗಾರೆ ಮಾಡಿಸಿ, ಪೇಂಟ್ ಹೊಡೆಸಿ, ಹಳೆಯ ಮಸೂರಕ್ಕೆ ಎಲ್‌ಇಡಿ ಹಾಕಿಸಬೇಕೆಂದಿದ್ದೇವೆ. ಏನೇನು ನೋಡಿಕೊಳ್ಳಬೇಕು? — ಉತ್ತರ ಕನ್ನಡದ ಓದುಗರು, ಈಗ ಯಲಹಂಕ

ಉತ್ತರ: ಊರವರು ಇಷ್ಟು ಕಾಳಜಿ ವಹಿಸಿರುವುದು ದೊಡ್ಡ ಮಾತು. ಆದರೆ ನೀವು ಬರೆದ ಮೂರೂ ಕೆಲಸ ಹಾಗೆಯೇ ನಡೆದರೆ ಗೋಪುರಕ್ಕೆ ಹಾನಿಯೇ ಹೆಚ್ಚು. ಮೊದಲು ಅನುಮತಿ. ದೀಪ ಇನ್ನೂ ಬಳಕೆಯಲ್ಲಿದ್ದರೆ ಅದರ ಒಂದು ತಿರುಪನ್ನೂ ಮುಟ್ಟುವಂತಿಲ್ಲ. ಕೇಂದ್ರದ ದೀಪಸ್ತಂಭ ಮಹಾನಿರ್ದೇಶನಾಲಯ ಅಥವಾ ಸ್ಥಳೀಯ ದೀಪವಾದರೆ ಬಂದರಿನ ಆಡಳಿತ ಒಪ್ಪಬೇಕು. 1927ರ ದೀಪಸ್ತಂಭ ಕಾಯ್ದೆಯ ಜಾಗಕ್ಕೆ ಬಂದ 2021ರ ಕಾಯ್ದೆಯಲ್ಲಿ ಪಾರಂಪರಿಕ ದೀಪಸ್ತಂಭಗಳನ್ನು ಗುರುತಿಸಿ ಬೆಳೆಸುವ ಅವಕಾಶವೂ ಇದೆ. ಅರ್ಜಿಯಲ್ಲಿ ಅದನ್ನು ಎತ್ತಿ ಹೇಳಿ.

ಗಾರೆ: ಸುಣ್ಣದಿಂದ ಕಟ್ಟಿದ ಗೋಡೆಗೆ ಸಿಮೆಂಟ್ ಬೇಡವೇ ಬೇಡ. ಉಪ್ಪುಗಾಳಿಯ ತೇವ ಗೋಡೆಯೊಳಗೆ ಹೋಗುತ್ತದೆ, ಸುಣ್ಣದ ಮೂಲಕ ಆರಿ ಹೊರಬರುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಗಾರೆಯ ಹಿಂದೆ ನಿಂತು, ಉಪ್ಪು ಅಲ್ಲೇ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಒಡೆಯುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಸಿಮೆಂಟ್ ಹಕ್ಕಳೆ ಹಕ್ಕಳೆಯಾಗಿ ಬೀಳುವಾಗ ಇಟ್ಟಿಗೆಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಚೆನ್ನಾಗಿ ನೆನೆದು ಹದವಾದ ಸುಣ್ಣ ಒಂದು ಪಾಲು, ತೊಳೆದ ಹೊಳೆ ಮರಳು ಎರಡೂವರೆಯಿಂದ ಮೂರು ಪಾಲು. ಕಡಲ ಮರಳು ಬೇಡ, ಉಪ್ಪನ್ನು ನಾವೇ ಒಳಗೆ ಸೇರಿಸಿದಂತಾಗುತ್ತದೆ. ತೆಳುವಾಗಿ ಪದರ ಪದರವಾಗಿ ಬಳಿಯಿರಿ, ಒದ್ದೆ ಗೋಣಿತಾಟು ಹೊದಿಸಿ ನಿಧಾನ ಆರಲು ಬಿಡಿ. ಕೆಲಸ ನವೆಂಬರಿನಲ್ಲಿ ಶುರುವಾಗಿ ಫೆಬ್ರವರಿಯೊಳಗೆ ಮುಗಿಯಲಿ. ಮೇ ತಿಂಗಳಲ್ಲಿ ಮಾಡಿದ ಸುಣ್ಣದ ಗಾರೆ ಗಟ್ಟಿಯಾಗುವ ಮೊದಲೇ ಮಳೆ ಹೊಡೆಯುತ್ತದೆ. ಗೋಡೆಯಲ್ಲಿ ಹೂತ ಕಬ್ಬಿಣದ ಮೊಳೆ, ಕಂಬಿಗಳನ್ನು ಹುಡುಕಿ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಲ್ಲನ್ನೇ ಸೀಳುತ್ತದೆ. ಮೇಲಿನ ಸುತ್ತುಜಗಲಿಯ ಕಟಕಟೆ ನೆಟ್ಟ ಜಾಗಗಳಲ್ಲಿ ಇದು ಮೊದಲು ಕಾಣುತ್ತದೆ.

ಬಣ್ಣ: ಪ್ಲಾಸ್ಟಿಕ್ ಪೇಂಟ್ ಕೂಡ ಸಿಮೆಂಟಿನಂತೆಯೇ ತೇವ ಕಟ್ಟಿಹಾಕುತ್ತದೆ. ಸುಣ್ಣವನ್ನೇ ನೀರಾಗಿ ಐದಾರು ಸಲ ಹೊಡೆಸಿ. ಬಣ್ಣ, ಪಟ್ಟೆಗಳನ್ನು ಇಷ್ಟಬಂದಂತೆ ಬದಲಿಸಬೇಡಿ. ಹಗಲಲ್ಲಿ ನಾವಿಕರು ಗೋಪುರವನ್ನು ಗುರುತಿಸುವುದೇ ಅದರಿಂದ, ನಾವಿಕರು ಬಳಸುವ ದೀಪಗಳ ಪಟ್ಟಿಯಲ್ಲಿ ಅದೂ ದಾಖಲಾಗಿರುತ್ತದೆ.

ಮಸೂರ: ಒರೆಸುವವರು ಉಂಗುರ, ಗಡಿಯಾರ, ಬೆಲ್ಟು ತೆಗೆದಿಟ್ಟು ಹತ್ತಿಯ ಏಪ್ರನ್ ಕಟ್ಟಿಕೊಳ್ಳಲಿ. ಪ್ರಿಸಮ್ಮಿನ ಅಂಚಿಗೆ ಬಕಲ್ ತಾಗಿದರೂ ಚಕ್ಕೆ ಏಳುತ್ತದೆ. ಮೊದಲು ಮೆತ್ತನೆಯ ಬ್ರಶ್ಶಿನಿಂದ ಧೂಳು, ಮರಳು ಉದುರಿಸಬೇಕು. ಒಣಬಟ್ಟೆಯಲ್ಲಿ ನೇರ ಉಜ್ಜಿದರೆ ಮರಳೇ ಗಾಜನ್ನು ಗೀರುತ್ತದೆ. ಆಮೇಲೆ ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಮೆದು ಸೋಪು, ಹಿಂಡಿದ ಮಸ್ಲಿನ್ ಬಟ್ಟೆ, ಕೊನೆಗೆ ಒಣ ಮಸ್ಲಿನ್. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಹಿತ್ತಾಳೆ ಚೌಕಟ್ಟನ್ನು ತಿನ್ನುತ್ತದೆ. ಪ್ರಿಸಮ್‌ಗಳನ್ನು ಹಿಡಿದಿರುವ ಹಳೆಯ ಪುಟ್ಟಿ ಒಣಗಿ ಪುಡಿಯಾಗಿರಬಹುದು, ಅದರಲ್ಲಿ ಸೀಸ ಇರುತ್ತದೆ. ಬರಿಗೈಯಲ್ಲಿ ಕೆರೆಯಬೇಡಿ. ಪುಟ್ಟಿ ಸಡಿಲವಾಗಿ ಪ್ರಿಸಮ್ ಕೂದಲೆಳೆಯಷ್ಟು ಜಾರಿದರೂ ಆ ಭಾಗದ ಬೆಳಕು ಸಮುದ್ರ ಬಿಟ್ಟು ಬೇರೆಡೆ ಹೋಗುತ್ತದೆ. ತೊಟ್ಟಿಯಲ್ಲಿ ಪಾದರಸ ಇದ್ದರೆ ಅಲ್ಲಿಗೇ ನಿಲ್ಲಿಸಿ, ಕಿಟಕಿ ತೆರೆದಿಟ್ಟು ಹೊರಗೆ ಬನ್ನಿ. ಅದರ ಆವಿ ವಿಷ. ಚೆಲ್ಲಿದ ಪಾದರಸವನ್ನು ಗುಡಿಸುವುದು, ವ್ಯಾಕ್ಯೂಮ್ ಕ್ಲೀನರ್ ಹಚ್ಚುವುದು ಎರಡೂ ಆವಿಯನ್ನು ಹೆಚ್ಚಿಸುತ್ತವೆ.

ಎಲ್‌ಇಡಿ: ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಕಿರಣದ ಅಗಲ ನಿರ್ಧಾರವಾಗುವುದು ದೀಪದ ಗಾತ್ರ ಮತ್ತು ನಾಭಿದೂರದಿಂದ. 920 ಮಿ.ಮೀ. ಮಸೂರದಲ್ಲಿ 55 ಮಿ.ಮೀ. ಮ್ಯಾಂಟಲ್ ಇದ್ದಾಗ ಕಿರಣ 3.4 ಡಿಗ್ರಿ ಅಗಲ. 30 ಸೆಕೆಂಡಿಗೆ ಒಂದು ಸುತ್ತು ಎಂದರೆ ಪ್ರತಿ ಮಿಂಚು ಸುಮಾರು 0.29 ಸೆಕೆಂಡು ಇರುತ್ತದೆ. ಅಲ್ಲಿಗೆ 10 ಮಿ.ಮೀ.ನ ಎಲ್‌ಇಡಿ ಇಟ್ಟರೆ ಕಿರಣ 0.6 ಡಿಗ್ರಿಗೆ ಇಳಿದು ಮಿಂಚು 0.05 ಸೆಕೆಂಡಾಗುತ್ತದೆ. ಅಷ್ಟು ಚಿಕ್ಕ ಮಿಂಚನ್ನು ಕಣ್ಣು ಪೂರ್ತಿ ಗ್ರಹಿಸುವುದಿಲ್ಲ. ಬ್ಲಾಂಡೆಲ್-ರೇ ಸೂತ್ರದ ಪ್ರಕಾರ 0.29 ಸೆಕೆಂಡಿನ ಮಿಂಚು ತನ್ನ ನಿಜವಾದ ಪ್ರಖರತೆಯ 59 ಶೇಕಡಾದಷ್ಟು ಕಂಡರೆ, 0.05 ಸೆಕೆಂಡಿನದು ಕಾಣುವುದು 20 ಶೇಕಡಾ ಮಾತ್ರ.

ಎತ್ತರದ ತಪ್ಪಂತೂ ಇನ್ನೂ ಕೆಟ್ಟದ್ದು. ಹೋಲ್ಡರ್ ಬದಲಿಸುವಾಗ ದೀಪ ನಾಭಿಗಿಂತ 5 ಮಿ.ಮೀ. ಮೇಲೆ ಕೂತರೆ ಕಿರಣ 0.3 ಡಿಗ್ರಿ ಕೆಳಗೆ ಬಾಗುತ್ತದೆ. 3.4 ಡಿಗ್ರಿಯ ಕಿರಣಕ್ಕೆ ಇದು ಲೆಕ್ಕಕ್ಕಿಲ್ಲ. 0.6 ಡಿಗ್ರಿಯದಕ್ಕೆ ಇದೇ ಅರ್ಧ ಅಗಲ. 36 ಮೀಟರ್ ಎತ್ತರದ ದೀಪದ ಕಿರಣದ ನಡುಭಾಗ ಸುಮಾರು ಏಳೂವರೆ ಕಿ.ಮೀ.ಗೇ ನೀರಿಗೆ ಬಡಿಯುತ್ತದೆ, ದಿಗಂತದಲ್ಲಿರುವ ಹಡಗಿಗೆ ಕಿರಣದ ಅಂಚು ಮಾತ್ರ ಉಳಿಯುತ್ತದೆ. ಗೋಪುರದ ಬುಡದಲ್ಲಿ ನಿಂತವರಿಗೆ ದೀಪ ಝಗಝಗ ಕಾಣುವುದರಿಂದ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಸುತ್ತಲೂ ಬೆಳಕು ಕೊಡುವ, ಹಳೆಯ ಮ್ಯಾಂಟಲ್ಲಿನ ಗಾತ್ರಕ್ಕೆ ಹತ್ತಿರವಾದ ಎಲ್‌ಇಡಿ ಗುಚ್ಛವನ್ನೇ ಆರಿಸಿ, ಅದರ ನಡುಬಿಂದುವನ್ನು ನಾಭಿಗೆ ಅಳೆದು ಕೂರಿಸಿ, ದೋಣಿಯಲ್ಲಿ ಹೊರಗೆ ಹೋಗಿ ನೋಡಿ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಬೇಡ. ಅದರ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆ, ಗಾಜು ಉಳಿದದ್ದನ್ನೆಲ್ಲ ನುಂಗುತ್ತದೆ. ಕೆಂಪು ಬೇಕಾದಲ್ಲಿ ಕೆಂಪು ಎಲ್‌ಇಡಿಯನ್ನೇ ಹಾಕಿಸಿ.

ಪ್ರಶ್ನೆ: ಜಿಪಿಎಸ್ ಬಂದ ಮೇಲೂ ಇವು ಬೇಕೇ? — ಓದುಗರು, ವೈಟ್‌ಫೀಲ್ಡ್

ಉತ್ತರ: ಬೇಕು. ಜಿಪಿಎಸ್ ಸಂಕೇತವನ್ನು ಅಡ್ಡಗಟ್ಟಬಹುದು, ಸುಳ್ಳು ಸಂಕೇತ ಕಳಿಸಿ ಹಡಗಿನ ಪರದೆಯ ಮೇಲೆ ತಪ್ಪು ಜಾಗವನ್ನೂ ತೋರಿಸಬಹುದು. ಆಗ ಕಣ್ಣಿಂದ ನೋಡಿ ತಾಳೆ ಹಾಕಲು ಜಾಗ ಬಿಟ್ಟು ಕದಲದ ಒಂದು ಗುರುತು ಬೇಕಾಗುತ್ತದೆ. ಬ್ಯಾಟರಿ ಮುಗಿದ ಮೀನುಗಾರರ ದೋಣಿಗೆ ಉಳಿಯುವುದೂ ಅದೊಂದೇ.

ಪ್ರಶ್ನೆ: ಬೆಂಗಳೂರಿನಿಂದ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ಯಾವುದು ಒಳ್ಳೆಯದು? — ಗೃಹಿಣಿ, ಬನಶಂಕರಿ

ಉತ್ತರ: ಹಳೆಯದು ನೋಡಬೇಕಾದರೆ ಉಡುಪಿ–ಮಂಗಳೂರು ಹೆದ್ದಾರಿಯ ಕಾಪು. 1901ರ ಗೋಪುರ, ಕಡಲಂಚಿನ ಬಂಡೆಯ ಮೇಲಿದೆ, ಮೆಟ್ಟಿಲು ಹತ್ತಬೇಕು. ಸಾರ್ವಜನಿಕರಿಗೆ ಸಂಜೆ ಹೊತ್ತು ಬಿಡುವುದು ರೂಢಿ, ಮಳೆಗಾಲದಲ್ಲಿ ವಿಚಾರಿಸಿಯೇ ಹೊರಡಿ. ಮೆಟ್ಟಿಲು ಆಗದ ಹಿರಿಯರಿದ್ದರೆ ಚೆನ್ನೈ ಮರೀನಾದ 1977ರ ದೀಪಸ್ತಂಭಕ್ಕೆ ಲಿಫ್ಟ್ ಇದೆ. ಅದೇ ಊರಿನ ಹೈಕೋರ್ಟ್ ಆವರಣದಲ್ಲಿ 1844ರ ಕಲ್ಲುಕಂಬದ ದೀಪಸ್ತಂಭ ಇನ್ನೂ ನಿಂತಿದೆ. 1894ರಿಂದ ಮರೀನಾದ್ದು ಬರುವವರೆಗೆ ಬಂದರಿಗೆ ದಾರಿ ತೋರಿದ್ದು ಹೈಕೋರ್ಟಿನ ಗುಮ್ಮಟದ ಮೇಲಿನ ದೀಪ.

ಪ್ರಶ್ನೆ: ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ತಿರುಗುವ ಮಸೂರದ ಮಾದರಿ ಮಾಡಬೇಕು. ಮೇಷ್ಟ್ರಿಗೆ ನಿಲುಕುವ ಖರ್ಚಿನಲ್ಲಿ ಹೇಗೆ? — ಶಿಕ್ಷಕರು, ರಾಜಾಜಿನಗರ

ಉತ್ತರ: ಪುಸ್ತಕ ಓದಲು ಮಾರುವ ಪ್ಲಾಸ್ಟಿಕ್ ಹಾಳೆಯ ಭೂತಗನ್ನಡಿ ಫ್ರೆನೆಲ್ ಮಸೂರವೇ. ಕಾರ್ಡ್ ಗಾತ್ರದವು ಎರಡು ಸಾಕು. ದೂರದ ಕಿಟಕಿಯ ಬಿಂಬ ಬಿಳಿ ಕಾಗದದ ಮೇಲೆ ಸ್ಪಷ್ಟವಾಗಿ ಮೂಡುವ ದೂರವನ್ನು ಅಳೆಯಿರಿ, ಅದೇ ನಾಭಿದೂರ. ಬಿಸಿಲಲ್ಲಿ ಈ ಪ್ರಯೋಗ ಬೇಡ, ಹಾಳೆ ಬೆಂಕಿ ಹಚ್ಚಬಲ್ಲದು. ಎಸ್‌.ಪಿ. ರಸ್ತೆಯಲ್ಲಿ 12 ವೋಲ್ಟಿನ, ನಿಮಿಷಕ್ಕೆ 10 ಸುತ್ತಿನ ಗೇರ್ ಮೋಟಾರ್ ಕೇಳಿ. ಅದರ ಮೇಲೆ ರಟ್ಟಿನ ತಟ್ಟೆ ಕೂರಿಸಿ, ನಡುವಿನಿಂದ ನಾಭಿದೂರದಷ್ಟು ಆಚೆ ಎರಡು ಮಸೂರಗಳನ್ನು 60 ಡಿಗ್ರಿ ಅಂತರದಲ್ಲಿ ನಿಲ್ಲಿಸಿ, ಉಳಿದ ಸುತ್ತನ್ನು ಕಪ್ಪು ಕಾಗದದಿಂದ ಮುಚ್ಚಿ. ಒಂದು ಸುತ್ತಿಗೆ 6 ಸೆಕೆಂಡು. ಎರಡು ಮಿಂಚು ಒಂದು ಸೆಕೆಂಡಿನ ಅಂತರದಲ್ಲಿ, ಆಮೇಲೆ ಐದು ಸೆಕೆಂಡು ಕತ್ತಲು.

ದೀಪ ತಿರುಗಬಾರದು, ತಂತಿ ಸುತ್ತಿಕೊಳ್ಳುತ್ತದೆ. ಅದನ್ನು ಮೇಲಿನಿಂದ ಇಳಿಬಿಡಿ, ಅದರ ನಡುಭಾಗ ಮಸೂರದ ನಡುವಿನ ಎತ್ತರಕ್ಕೆ ಬರಲಿ. ಬರಿಯ ಎಲ್‌ಇಡಿ ಇಟ್ಟರೆ ಮಿಂಚು ಕಣ್ಣಿಗೆ ಸಿಗದಷ್ಟು ಚಿಕ್ಕದಾಗುತ್ತದೆ, ಕಾರಣ ಮೇಲಿನ ಲೆಕ್ಕದ್ದೇ. ನಾಭಿದೂರದ ಹತ್ತನೇ ಒಂದು ಭಾಗದಷ್ಟು ಅಗಲದ ಟ್ರೇಸಿಂಗ್ ಪೇಪರಿನ ಕೊಳವೆಯೊಳಗೆ ಎಲ್‌ಇಡಿ ಕೂರಿಸಿ, ಮಿಂಚು ಸುಮಾರು 0.1 ಸೆಕೆಂಡು ನಿಲ್ಲುತ್ತದೆ. ಮಸೂರದ ಗೀರುಗಳಿರುವ ಮೈ ಹೊರಗೆ, ನುಣುಪು ಮೈ ದೀಪದ ಕಡೆಗೆ ಇರಲಿ. ತಿರುಗಿಸಿ ಹಾಕಿದರೆ ಅಂಚಿನ ಬೆಳಕು ಚದುರಿ ಗೋಡೆಯ ಮೇಲಿನ ಚುಕ್ಕೆ ಮಸುಕಾಗುತ್ತದೆ. ನೋಡುವವರನ್ನು ಕೋಣೆಯ ಆಚೆ ತುದಿಯಲ್ಲಿ, ಮಸೂರದ ಮಟ್ಟಕ್ಕೆ ಕಣ್ಣು ಬರುವಂತೆ ಕೂರಿಸಿ.